ಜೇಬಿನಲ್ಲಿ ಆದಿತಾಳ

ನನ್ನ ಹೆಂಡತಿ ವತ್ಸಲಾಗೆ ಸಂಗೀತ ಬರುತ್ತದೆ. ನನಗೆ ಸಂಗೀತ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಅದರಲ್ಲೂ ಎಲೆಕ್ಟ್ರಾನಿಕ್ ಸಾಮಾನು! ರಿಮೋಟಿನ ಸೆಲ್ಲನ್ನು ತಿರುಗಿಸಿ ಹಾಕಿ ಟೀವಿಗೆ ಜೀವ ಬರಿಸುವುದು, ಪಕ್ಕದ ಮನೆ ಅಜ್ಜಿಯ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡುವುದು, ಇಂಥ ಶಸ್ತ್ರಚಿಕಿತ್ಸೆಗಳಿಗೆ ತ್ಯಾಗರಾಜನಗರದ ನಮ್ಮ ರಸ್ತೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬ ತಜ್ಞನಿಲ್ಲ. ಹಾಗಾಗಿ ಬಡಾವಣೆಯ ರಾಮನವಮಿ ಪೆಂಡಾಲಿನಲ್ಲಿ ವತ್ಸಲಾ ಹಾಡುವುದು ಗೊತ್ತಾದ ಕೂಡಲೇ ಶ್ರುತಿ ಪೆಟ್ಟಿಗೆಯ ಜವಾಬ್ದಾರಿಯನ್ನು ನಾನು ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ.

ಆ ಕಚೇರಿ ಅವಳಿಗೆ ಎಷ್ಟು ದೊಡ್ಡದೆಂದು ಹೇಳಲೇಬೇಕು. ಮದುವೆಗೆ ಮುಂಚಿನಿಂದಲೂ ಅವಳು ಗೋಷ್ಠಿಗಾಯನದ ಎರಡನೇ ಸಾಲಿನಲ್ಲಿ ಹಾಡಿದವಳು. ಒಬ್ಬಳೇ ವೇದಿಕೆ ಮೇಲೆ ಕೂತು, ಪಕ್ಕದಲ್ಲಿ ಪಿಟೀಲು ಮೃದಂಗ ಇಟ್ಟುಕೊಂಡು ಹಾಡಿದ್ದೇ ಇಲ್ಲ. ಅವಳಿಗೆ ಪಾಠ ಹೇಳಿದ ಪದ್ಮಾ ಟೀಚರ್ ಮಂಡಿನೋವಿನಿಂದ ಮನೆ ಬಿಟ್ಟು ಕದಲದವರು, ಇಟ್ಟಮಡುವಿನಿಂದ ಆಟೋ ಮಾಡಿಕೊಂಡು ಬರುತ್ತೇನೆಂದು ಫೋನ್ ಮಾಡಿದ್ದರು. ಸಮಿತಿಯ ಕಾರ್ಯದರ್ಶಿ ರಂಗಣ್ಣನವರು, "ಈ ಸಲ ಬೆಳಗಿನ ಹೊತ್ತು ಅರ್ಧ ಗಂಟೆ ಹಾಡ್ಲಿ. ಚೆನ್ನಾಗಾದ್ರೆ ಮುಂದಿನ ವರ್ಷ ಸಂಜೆ ಕಚೇರೀನೇ ಕೊಟ್ಬಿಡೋಣ" ಅಂದಿದ್ದರು. ವತ್ಸಲಾ ಒಂದು ತಿಂಗಳಿಂದ ಐಸ್‌ಕ್ರೀಮ್ ಮುಟ್ಟಿರಲಿಲ್ಲ. ಅವಳ ಪಾಲಿನದನ್ನೂ ನಾನೇ ತಿಂದು ಸಹಕರಿಸುತ್ತಿದ್ದೆ.

ಮನೆಯಲ್ಲಿ ಒಂದು ಹಳೆಯ ಶ್ರುತಿ ಪೆಟ್ಟಿಗೆಯಿತ್ತು. ಗೋಡೆಗೆ ವೈರ್ ಚುಚ್ಚಿದರೆ "ಸಾ ಪಾ ಸಾ" ಎನ್ನುವುದು, ಕಿತ್ತರೆ ಸುಮ್ಮನಾಗುವುದು. ಇಷ್ಟು ಸರಳವಾದ ಯಂತ್ರದ ಮೇಲೆ ನನಗೆ ಗೌರವವಿರಲಿಲ್ಲ.

"ಅದೇ ಚೆನ್ನಾಗಿದೆ, ಸುಮ್ನಿರಿ. ಇರಲಾರದೆ ಇರುವೆ ಬಿಟ್ಕೊಂಡ್ರಂತೆ" ಎಂದಳು ವತ್ಸಲಾ.

ನಾನು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಇರುವೆ ಕೊಂಡುಕೊಂಡೇ ಬಂದೆ. ಹೊಸ ಶ್ರುತಿ ಪೆಟ್ಟಿಗೆ ಸೋಪಿನ ಪೆಟ್ಟಿಗೆಯಷ್ಟೇ ಇತ್ತು. ವೈರಿಲ್ಲ, ಚಾರ್ಜ್ ಮಾಡಿದರಾಯಿತು. ಪೆಟ್ಟಿಗೆ ನಮ್ಮ ಕೈಯಲ್ಲಿ, ಶ್ರುತಿ ದೂರದ ಬ್ಲೂಟೂತ್ ಸ್ಪೀಕರಿನಲ್ಲಿ! ಆದರೆ ನನ್ನ ಮನಸ್ಸು ಸೋತದ್ದು ಇನ್ನೊಂದು ಗುಣಕ್ಕೆ.

"ಸಾರ್, ಇದ್ರಲ್ಲಿ ಹ್ಯಾಪ್ಟಿಕ್ ಇದೆ" ಎಂದ ಅಂಗಡಿಯವನು. "ತಾಳ ಕೇಳ್ಸಲ್ಲ ಸಾರ್, ಕೈಗೆ ಮುಟ್ಟುತ್ತೆ. ಮೊದಲನೇ ಪೆಟ್ಟು ಜೋರಾಗಿ ಗುರ್ರ್, ಮಿಕ್ಕಿದ್ದು ಸಣ್ಣಗೆ. ವೈಬ್ರೇಷನ್ ಆಫ್ ಮಾಡಿಟ್ರೆ ಬ್ಯಾಟರಿ ಇಡೀ ದಿನ ಬರುತ್ತೆ."

"ಬ್ಯಾಟರಿ ಇಡೀ ದಿನ ಬರುತ್ತೆ" ಎಂಬ ಭಾಗವನ್ನು ನಾನು ಗಮನವಿಟ್ಟು ಕೇಳಿಸಿಕೊಂಡೆ.

ಸಂಗೀತ ಕಚೇರಿಗೆ ಹೋಗುವವರಿಗೆ ಗೊತ್ತು, ಮೊದಲ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವವರದು ಬೇರೆಯೇ ಜಾತಿ. ಅರ್ಧ ಕಣ್ಣು ಮುಚ್ಚಿ, ಚಟ್ ಚಟ್ ಎಂದು ತೊಡೆ ತಟ್ಟಿ, ಬೆರಳೆಣಿಸಿ, ಸರಿಯಾದ ಜಾಗಕ್ಕೆ "ಆಹಾ!" ಅನ್ನುತ್ತಾರೆ. ಇಷ್ಟು ವರ್ಷ ಅಂಥವರ ಪಕ್ಕದಲ್ಲಿ ನಾನು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದೇನೆ. ಒಮ್ಮೆ ಧೈರ್ಯ ಮಾಡಿ ತಟ್ಟಿದಾಗ, ಸೊಳ್ಳೆ ಹೊಡೆಯುತ್ತಿದ್ದೇನೆಂದು ತಿಳಿದು ಪಕ್ಕದವರು ಫ್ಯಾನ್ ಹಾಕಿಸಿದ್ದರು! ಇನ್ನು ಆ ಅವಮಾನವಿಲ್ಲ. ಪೆಟ್ಟಿಗೆ ಜೇಬಿನಲ್ಲಿ ಗುರ್ರ್ ಎಂದಾಗ ತಟ್ಟಿದರಾಯಿತು.

ಹಬ್ಬದ ದಿನ ಬೆಳಗ್ಗೆ ಎದ್ದವನೇ ಅಭ್ಯಾಸಕ್ಕೆ ಇಳಿದೆ. ವೈಬ್ರೇಷನ್ನನ್ನು ಗರಿಷ್ಠ ಮಟ್ಟಕ್ಕೆ ಏರಿಸಿದೆ. ಹಲ್ಲುಜ್ಜುವಾಗ ಆದಿತಾಳ, ತಿಂಡಿ ತಿನ್ನುವಾಗ ಆದಿತಾಳ. ಹೂ ತರಲು ಬಸ್ಸಿನಲ್ಲಿ ಗಾಂಧಿಬಜಾರಿಗೆ ಹೋದಾಗಲೂ ಜೇಬಿನಲ್ಲಿ ಆದಿತಾಳ.

"ಅಂಕಲ್, ನಿಮ್ ಫೋನ್ ಆಗ್ಲಿಂದ ಹೊಡ್ಕೊತಾ ಇದೆ, ಎತ್ಕೊಳ್ಳಿ" ಎಂದ ಪಕ್ಕದಲ್ಲಿ ನಿಂತಿದ್ದವನು.

"ಫೋನಲ್ಲಪ್ಪ, ಆದಿತಾಳ" ಎಂದೆ ಗಂಭೀರವಾಗಿ.

ಅವನು ಮುಂದಿನ ಸ್ಟಾಪಿನಲ್ಲೇ ಇಳಿದುಹೋದ.

ಪೆಂಡಾಲಿಗೆ ಬಂದಾಗ ಪೆಟ್ಟಿಗೆಯ ಮೇಲೆ ಮೂರು ದೀಪಗಳಿರಬೇಕಾದ ಕಡೆ ಒಂದೇ ಇತ್ತು. ಅದೂ ಕೆಂಪಗೆ. ಹಬ್ಬದ ದಿನ ಕೆಂಪು ಶುಭ ಎಂದುಕೊಂಡೆ.

"ಪೆಟ್ಟಿಗೆ ಕೊಡಿ, ಪಕ್ಕದಲ್ಲಿ ಇಟ್ಕೋತೀನಿ" ಎಂದಳು ವತ್ಸಲಾ, ವೇದಿಕೆ ಹತ್ತುವಾಗ.

"ಬೇಡ, ನನ್ ಹತ್ರಾನೇ ಇರ್ಲಿ. ವೈರೇ ಇಲ್ವಲ್ಲ! ಸ್ಪೀಕರ್ ಮಾತ್ರ ನಿನ್ ಪಕ್ಕದಲ್ಲಿಟ್ಕೋ. ನೀನು ನಿಶ್ಚಿಂತೆಯಾಗಿ ಹಾಡು."

"ಚಾರ್ಜ್ ಇದೆ ತಾನೆ?"

"ಇಡೀ ದಿನ ಬರುತ್ತೆ!"

ನಾನು ಮೊದಲ ಸಾಲಿನಲ್ಲಿ ರಂಗಣ್ಣನವರಿಗೂ ಪದ್ಮಾ ಟೀಚರಿಗೂ ಮಧ್ಯೆ ಆಸೀನನಾದೆ. ಮೊದಲು ಆದಿತಾಳದ ವರ್ಣ. ಅವಳು ತಾಳ ಶುರು ಮಾಡಿದ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದೆ. ಗುರ್ರ್! ಚಟ್! ನನ್ನ ಕೈ ಯಂತ್ರದಂತೆ ಬೀಳತೊಡಗಿತು. ರಂಗಣ್ಣನವರು ಬೆರಗಾಗಿ ನೋಡಿದರು.

"ಏನ್ ಸಾರ್, ನಿಮಗೆ ಇಷ್ಟು ತಾಳಜ್ಞಾನ ಇದೆ ಅಂತ ಗೊತ್ತೇ ಇರ್ಲಿಲ್ಲ!"

"ಎಲ್ಲ ದೈವದತ್ತ" ಎಂದೆ.

ಹಿಂದಿನ ಸಾಲಿನ ಆಂಟಿಯರು ನನ್ನ ಕೈ ನೋಡಿಕೊಂಡು ತಾಳ ಹಾಕಲು ಶುರು ಮಾಡಿದರು. ಮೃದಂಗದವರು ನನ್ನತ್ತ ನೋಡಿ ತಲೆಯಾಡಿಸಿದರು. ಜೀವನದಲ್ಲಿ ಅಷ್ಟು ಸುಖ ನಾನು ಕಂಡಿಲ್ಲ.

ಎರಡನೆಯ ಹಾಡು ರೂಪಕ ತಾಳದ್ದು. ಎಣಿಕೆ ಆದಿತಾಳದ ಹಾಗೆ ಎಂಟರದ್ದಲ್ಲ, ಮೂರು ಮೂರರದ್ದು. ಪೆಟ್ಟಿಗೆಯಲ್ಲಿ ತಾಳ ಬದಲಿಸಬೇಕಿತ್ತು. ಸುಖದಲ್ಲಿದ್ದವನಿಗೆ ಅದೆಲ್ಲಿ ನೆನಪು? ಜೇಬು ಆದಿತಾಳವನ್ನೇ ಗುಟುರು ಹಾಕುತ್ತಿತ್ತು, ನಾನು ಅದನ್ನೇ ಬಡಿಯುತ್ತಿದ್ದೆ. ಯಾಕೋ ಹಾಡಿಗೂ ನನ್ನ ಕೈಗೂ ಕೂಡುತ್ತಿಲ್ಲ. ಯಂತ್ರ ತಪ್ಪುವುದುಂಟೇ? ಪಾಪ, ಗಾಬರಿಯಲ್ಲಿ ವತ್ಸಲಾ ತಾಳ ತಪ್ಪಿದ್ದಾಳೆ! ಹೆಂಡತಿಗೆ ನೆರವಾಗುವುದು ಗಂಡನ ಧರ್ಮವಲ್ಲವೇ? ಅವಳಿಗೆ ಕಾಣಲೆಂದು ಕೈಯನ್ನು ತಲೆಯ ಮೇಲೆತ್ತಿ ಬಡಿಯತೊಡಗಿದೆ. ಹಿಂದಿದ್ದ ಆಂಟಿಯರೂ ಎತ್ತಿದರು. ವೇದಿಕೆಯ ಮೇಲೆ ಒಂದು ತಾಳ, ಕೆಳಗೆ ಇನ್ನೊಂದು. ಮೃದಂಗದವರು ಎರಡಕ್ಕೂ ಸಲ್ಲುವಂತೆ ಏನೋ ಬಾರಿಸಿ ಬೆವರು ಒರೆಸಿಕೊಂಡರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕುಣಿಯುವವಳನ್ನೇ ಡೊಂಕು ಎಂದವನು.

ಅಷ್ಟರಲ್ಲಿ ಜೇಬಿನಲ್ಲಿ ಗುರ್ ಗುರ್ ಗುರ್. ಸ್ವಲ್ಪ ಬಿಟ್ಟು ಮತ್ತೆ ಗುರ್ ಗುರ್ ಗುರ್. ಮೂರು ಮೂರು! ಆಗ ನನಗೆ ರೂಪಕ ತಾಳ ನೆನಪಾಯಿತು. ಆಹಾ, ನಾನು ಬದಲಿಸದಿದ್ದರೂ ಪೆಟ್ಟಿಗೆಯೇ ಹಾಡು ಕೇಳಿ ತಾಳ ತಿದ್ದಿಕೊಂಡಿದೆ! ಎಂಥ ಬುದ್ಧಿ! ನಾನೂ ಮೂರು ಮೂರು ಬಡಿದೆ, ಆಂಟಿಯರೂ ಬಡಿದರು, ಹಾಡು ಕೂಡಿಕೊಂಡಿತು, ಪೆಂಡಾಲಿಗೆ ಪೆಂಡಾಲೇ ತಲೆದೂಗಿತು. ಅದು ಬ್ಯಾಟರಿಯ ಕೊನೆಯುಸಿರೆಂದು ಆಮೇಲೆ ತಿಳಿಯಿತು.

ಮುಂದೆ ತೋಡಿ ರಾಗದ ಆಲಾಪನೆ. ಅವಳು ತಿಂಗಳುಗಟ್ಟಲೆ ಕಷ್ಟಪಟ್ಟಿದ್ದೇ ಇದಕ್ಕೆ. ಕಣ್ಣು ಮುಚ್ಚಿ ಮೆಲ್ಲಗೆ ಮೇಲೇರುತ್ತಿದ್ದಳು. ಪೆಂಡಾಲಿನಲ್ಲಿ ಪಾನಕದ ಲೋಟದ ಸದ್ದೂ ಇಲ್ಲದ ಆ ಗಳಿಗೆಯಲ್ಲಿ, ಸ್ಪೀಕರಿನೊಳಗಿಂದ ಯಾವಳೋ ಒಬ್ಬಳು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು:

"ಬ್ಯಾಟರಿ ಲೋ. ಪ್ಲೀಸ್ ಚಾರ್ಜ್. ಗುಡ್ ಬೈ!"

ಶ್ರುತಿ ನಿಂತಿತು. ಪೆಂಡಾಲು ನಕ್ಕಿತು. ವತ್ಸಲಾ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರಿತ್ತು.

ಎದ್ದೆನೋ ಬಿದ್ದೆನೋ ಎಂದು ವೇದಿಕೆಯ ಹಿಂದಕ್ಕೆ ಓಡಿದೆ. ಅಲ್ಲಿದ್ದ ಪ್ಲಗ್ ಬೋರ್ಡಿನಲ್ಲಿ ಒಂದೂ ಖಾಲಿಯಿಲ್ಲ. ಸೀರಿಯಲ್ ಲೈಟಿನದೆಂದು ಒಂದನ್ನು ಕಿತ್ತೆ. ಅದು ಮೈಕ್ ಸೆಟ್ಟಿನದು! ಮೈಕ್ ಹಿಡಿದು ಸಭಿಕರಿಗೆ ಸಮಾಧಾನ ಹೇಳುತ್ತಿದ್ದ ರಂಗಣ್ಣನವರ ಮಾತು ಅರ್ಧಕ್ಕೆ ನಿಂತಿತು. ಗಾಬರಿಯಲ್ಲಿ ಇನ್ನೊಂದು ಜೇಬಿನಲ್ಲಿದ್ದ ಚಾರ್ಜರ್ ತೆಗೆದು ನನ್ನ ಪೆಟ್ಟಿಗೆಯನ್ನು ಅದೇ ಜಾಗಕ್ಕೆ ಚುಚ್ಚಿದೆ. ಪೆಟ್ಟಿಗೆಗೆ ಜೀವ ಬಂತು. ಜೀವ ಬಂದ ಸಂತೋಷಕ್ಕೆ ಅದು ಮೊದಲು ಐಸ್‌ಕ್ರೀಮ್ ಗಾಡಿಯಂತೆ ಟಿಂಗ್ ಟಿಂಗ್ ಎಂದು ಒಂದು ಟ್ಯೂನ್ ನುಡಿಸಿತು. ಆಮೇಲೆ ಕಂಪನಿಯಲ್ಲಿ ತುಂಬಿಸಿದ್ದ ಗಂಡಸರ ಶ್ರುತಿಯನ್ನು ಪೂರ್ತಿ ದನಿಯಲ್ಲಿ ಬಿಟ್ಟಿತು. ಸ್ಪೀಕರಿನಲ್ಲಿ ಕೋಣ ಕೂಗಿದಂತಾಯಿತು. ನಾನು ಇದ್ದಬದ್ದ ಗುಂಡಿಯೆಲ್ಲ ಒತ್ತಿದೆ. ಕೋಣ ಇನ್ನೂ ಕೆಳಗಿಳಿಯಿತು.

"ರೀ, ನಿಲ್ಸ್ರೀ ಅದನ್ನ!"

ಪದ್ಮಾ ಟೀಚರ್! ಮಂಡಿ ಹಿಡಿದುಕೊಂಡು ಎದ್ದು ನಿಂತಿದ್ದರು. ನಾನು ಪೆಟ್ಟಿಗೆ ಕಿತ್ತೆ. ಟೀಚರ್ ಒಂದೊಂದೇ ಮೆಟ್ಟಿಲು ಹತ್ತಿ, ವತ್ಸಲಾ ಹಿಂದೆ ತಂಬೂರಿಯವರು ಕೂರುವ ಜಾಗದಲ್ಲಿ ಕೂತರು. "ನೀನು ಹಾಡಮ್ಮ, ಶ್ರುತಿ ನಾನು ಹಿಡೀತೀನಿ" ಎಂದು ಬಾಯಿ ಮುಚ್ಚಿ "ಮ್..." ಎಂದು ಸಾ ಹಿಡಿದರು. ಕೆಳಗಿದ್ದ ಅವರ ಶಿಷ್ಯೆಯರಲ್ಲಿ ಒಬ್ಬೊಬ್ಬರೇ "ಮ್..." ಎಂದು ಸೇರಿಕೊಂಡರು. ಆಂಟಿಯರೂ ಸೇರಿದರು. ಮೈಕಿಲ್ಲದ ಪೆಂಡಾಲಿನಲ್ಲಿ ಜೇನುಗೂಡಿನ ಸದ್ದಿನಂತೆ ಶ್ರುತಿ ತುಂಬಿಕೊಂಡಿತು. ವತ್ಸಲಾ ಕಣ್ಣೊರೆಸಿಕೊಂಡು ತೋಡಿಯನ್ನು ಬಿಟ್ಟ ಕಡೆಯಿಂದ ಎತ್ತಿಕೊಂಡಳು. ಜನ ಕುರ್ಚಿ ಎಳೆದುಕೊಂಡು ಮುಂದೆ ಮುಂದೆ ಬಂದರು. ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಕೇಳೇ ಇರಲಿಲ್ಲ. ಭಾವಪರವಶನಾಗಿ ನಾನೂ "ಮ್..." ಎಂದೆ.

ಟೀಚರ್ ಕಣ್ಣು ಬಿಟ್ಟರು. "ರೀ, ನೀವು ಮಾತ್ರ ಸುಮ್ನಿರಿ."

ಕಚೇರಿ ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಂಗಣ್ಣನವರು ಶಾಲು ಹೊದಿಸಿ, ಮುಂದಿನ ವರ್ಷ ಸಂಜೆ ಕಚೇರಿ ವತ್ಸಲಾ ಮೇಡಮ್ಮದೇ ಎಂದು ಮೈಕಿಲ್ಲದೆಯೇ ಕೂಗಿ ಹೇಳಿದರು. ನಾನು ಕಂಬದ ಮರೆಯಲ್ಲಿ ನಿಂತು ಕೋಸಂಬರಿ ತಿನ್ನುತ್ತಿದ್ದೆ. ಅವರು ಅಲ್ಲಿಗೂ ಬಂದರು.

"ಸಾರ್, ನಿಮಗೂ ಮುಂದಿನ ವರ್ಷಕ್ಕೆ ಒಂದು ಜವಾಬ್ದಾರಿ ಇಟ್ಟಿದೀವಿ."

"ಲೈಟಿಂಗಾ?" ಎಂದೆ ಆಸೆಯಿಂದ.

"ಅಯ್ಯೋ, ಬೇಡ ಸಾರ್! ಚಪ್ಪಲಿ ಸ್ಟ್ಯಾಂಡ್ ನೋಡ್ಕೊಳ್ಳಿ. ಅದಕ್ಕೆ ಕರೆಂಟೂ ಬೇಡ, ಚಾರ್ಜೂ ಬೇಡ."

"ಅದಕ್ಕೆ ಅವರೇ ಸರಿ" ಎಂದಳು ವತ್ಸಲಾ, ಶಾಲು ಸರಿಮಾಡಿಕೊಳ್ಳುತ್ತ. "ಒಂದು ಜೊತೇಲಿ ಎರಡೇ ಇರೋದು. ಅಷ್ಟು ಎಣಿಕೆ ಬರುತ್ತೆ ಅವರಿಗೆ."

ಇಷ್ಟು ನಂಬಿಕೆಗಾದರೂ ನಾನು ಯೋಗ್ಯನಾಗಿದ್ದೆನಲ್ಲ ಎಂಬ ಸಮಾಧಾನದಲ್ಲಿ, ತಲೆ ಎತ್ತಿಕೊಂಡು ಅವಳ ಹಿಂದೆ ಮನೆಗೆ ನಡೆದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೋಡುತ್ತೇನೆ, ನನ್ನ ಕಾಲಲ್ಲಿದ್ದದ್ದು ಒಂದು ಕಪ್ಪು ಚಪ್ಪಲಿ, ಒಂದು ಕಂದು. ಎರಡೂ ಎಡಗಾಲಿನದು. ಎರಡೂ ನನ್ನದಲ್ಲ!