ಬಿಬಿಎ ಪುಳಿಯೋಗರೆಗೆ ತುಳಸಿದಳ

ದೇವರು ನನಗೆ ಕೊಟ್ಟದ್ದನ್ನೆಲ್ಲ ನೆನೆಯುತ್ತಾ ಕುಳಿತರೆ ಒಲೆಯ ಮೇಲಿನ ಕುಕ್ಕರ್ ಕೂಗಿದ್ದೂ ನನಗೆ ಕೇಳಿಸುವುದಿಲ್ಲ. ಯಜಮಾನರಿಗೆ ಶುಂಠಿ ಬೆಳೆಯಲು ಗದ್ದೆ ಕೊಟ್ಟಿದ್ದಾನೆ. ನನ್ನ ಮಂಡಿ ನೋಯುತ್ತದಾದರೂ ದೀಪ ಹಚ್ಚಲು ಬಗ್ಗುವಷ್ಟು ಕಸುವು ಉಳಿಸಿದ್ದಾನೆ. ಮಗಳು ಸಿಂಚನ ಬಿಬಿಎ ಓದಲೆಂದು, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಕುಶಾಲನಗರದ ಆಚೆಗೆ ಒಂದು ಖಾಸಗಿ ವಿಶ್ವವಿದ್ಯಾಲಯವನ್ನೂ ಕರುಣಿಸಿದ್ದಾನೆ. ವಿಶ್ವವಿದ್ಯಾಲಯ ಎಂದೊಡನೆ ಭಾರಿ ದೊಡ್ಡದು ಎಂದುಕೊಳ್ಳಬೇಡಿ. ಮೊದಲು ಅದು ಕಲ್ಯಾಣ ಮಂಟಪವಾಗಿತ್ತು. ಕುಲಪತಿಗಳ ಬಾಗಿಲಿನ ಮೇಲೆ ಹೊಸ ಬಣ್ಣದಡಿಯಿಂದ ‘ವರನ ಕಡೆಯವರು’ ಎಂಬ ಅಕ್ಷರಗಳು ಇನ್ನೂ ಇಣುಕುತ್ತವೆ. ಮಕ್ಕಳು ಊಟದ ಹಾಲಿನಲ್ಲಿ ಕುಳಿತು ಮ್ಯಾನೇಜ್‌ಮೆಂಟ್ ಓದುತ್ತಾರೆ. ಮದುವೆಯ ಕೊನೇ ಪಂಕ್ತಿಗೆ ಸಾರು ಸಾಲದೆ ಹೋದಾಗ ಅದನ್ನು ನಿಭಾಯಿಸಿದ ಜಾಗ ಅದು. ಮ್ಯಾನೇಜ್‌ಮೆಂಟ್ ಕಲಿಯಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಎಲ್ಲಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಓದಿನ ಪ್ರಭಾವ ಮನೆಯಲ್ಲಿ ಚೆನ್ನಾಗಿಯೇ ಕಾಣುತ್ತಿದೆ. ಈಗ ಮಗಳ ಮಾತಿನಲ್ಲಿ ನಾನು ಬರೀ ಅಮ್ಮ ಅಲ್ಲ, ಸ್ಟೇಕ್‌ಹೋಲ್ಡರ್, ಅಂದರೆ ಮನೆಯ ಪಾಲುದಾರಳು. ಪಾತ್ರೆ ತೊಳೆಯುವ ಹೊತ್ತಿಗೆ ಮನೆಯಲ್ಲಿ ಬೇರೆ ಸ್ಟೇಕ್‌ಹೋಲ್ಡರುಗಳು ಸಿಗುವುದಿಲ್ಲ, ಅಷ್ಟೇ.

ಇಂಥ ವಿದ್ಯಾವಂತೆ ಕಳೆದ ಸಲ ಒಂದು ವಿಷಯದಲ್ಲಿ ಮುಗ್ಗರಿಸಿದಳು. ಪ್ರತಿಯೊಬ್ಬರೂ ಕಾಲೇಜಿನಲ್ಲಿ ಒಂದು ದಿನ ಮಳಿಗೆ ಹಾಕಿ, ಏನಾದರೂ ತಯಾರಿಸಿ, ಪೂರ್ತಿ ಮಾರಬೇಕಿತ್ತು. ಅವಳು ಮಾರಿದ್ದು ಕಾಫಿ ಪರಿಮಳದ ಮೇಣದಬತ್ತಿ. ಕೊಡಗಿನಲ್ಲಿ ಕಾಫಿ ವಾಸನೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಕೊಂಡವರು ನಾನು, ಯಜಮಾನರು, ಇಬ್ಬರೇ. ಈ ಸಲವೂ ಫೇಲಾದರೆ ಒಂದು ವರ್ಷ ಹಿಂದೆ ಬೀಳುತ್ತಿದ್ದಳು. ಗೆಳತಿಯರೆಲ್ಲ ಪದವಿ ಪಡೆದು ಹೋಗುವುದನ್ನು ನೋಡುತ್ತಾ ನಿಲ್ಲಬೇಕಿತ್ತು. ಊಟದ ಮುಂದೆ ಕುಳಿತು ತುತ್ತು ಕಲೆಸುತ್ತಲೇ ಇರುತ್ತಿದ್ದಳು. ನನಗೆ ನೋಡಲಾಗಲಿಲ್ಲ. “ನಾನು ಪುಳಿಯೋಗರೆ ಮಾಡಿಕೊಡ್ತೀನಿ, ನೀನು ಮಾರು” ಎಂದೆ.

ಆ ದಿನ ಬೆಳಿಗ್ಗೆ ಸ್ನಾನ ಮಾಡಿ, ಗೊಜ್ಜು ಕುದಿಸಿ, ದೊಡ್ಡ ಡಬರಿಯಲ್ಲಿ ಅನ್ನ ಕಲೆಸಿದೆ. ಯಜಮಾನರು ಅದನ್ನೂ ಬಡಿಸಲು ದೊನ್ನೆಗಳ ಕಟ್ಟನ್ನೂ ಪಿಕಪ್ಪಿಗೆ ಏರಿಸಿದರು. ಫೋಟೋ ತೆಗೆಯಲೆಂದು ಸಿಂಚನ ಮುಚ್ಚಳ ಎತ್ತಿದಳು.

“ಅಮ್ಮ, ಇದೇನಿದು ಎಲೆ?”

“ತುಳಸಿ.”

“ತುಳಸಿ ಅಂತ ಕಾಣ್ತಿದೆ. ಇಲ್ಯಾಕಿದೆ?”

“ನೈವೇದ್ಯ ಆಯ್ತಲ್ಲ.”

“ಪೂರ್ತಿ ಡಬರೀನಾ?”

ಪೂರ್ತಿ ಡಬರಿಯೇ. ಮಾಡಿದ ಅಡುಗೆಯನ್ನು ದೇವರ ಮುಂದಿಟ್ಟು, ನೀರು ಚಿಮುಕಿಸಿ, ತುಳಸಿ ಹಾಕಿ, ಕಣ್ಣು ಮುಚ್ಚುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಇದು ಬಿಬಿಎ ಅನ್ನ ಎಂದು ಆ ಕೈಗೆ ಹೇಳುವವರು ಯಾರು? ಪ್ರಸಾದವನ್ನು ನಮ್ಮ ಮನೆಯಲ್ಲಿ ಹಂಚುತ್ತೇವೆ, ಮಾರುವುದಿಲ್ಲ. ಹಾಸನದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ನಮ್ಮ ಅತ್ತೆ ಬೇರೇನನ್ನು ತಂದರೋ ಬಿಟ್ಟರೋ, ಈ ನೇಮವನ್ನಂತೂ ಮರೆಯದೆ ತಂದಿದ್ದರು.

“ಸರಿಹೋಯ್ತು” ಎಂದರು ಯಜಮಾನರು. “ಅಂಗಡಿ ತೆಗೆಯೋಕ್ ಮೊದ್ಲೇ ನಿಮ್ಮಮ್ಮ ಮಾಲು ಖಾಲಿ ಮಾಡವ್ಳೆ. ಗಿರಾಕಿ ದೊಡ್ಡೋರು, ದುಡ್ಡು ಕೇಳಂಗಿಲ್ಲ.”

“ಎಲೆ ತೆಗೆದುಬಿಡು ಅಮ್ಮ. ಯಾರಿಗೆ ಗೊತ್ತಾಗತ್ತೆ?”

“ಯಾರಿಗೆ ತೋರಿಸಿದ್ನೋ ಅವನಿಗೆ ಗೊತ್ತಾಗತ್ತೆ.”

“ಅವನು ನನ್ನ ಪಾಸ್ ಮಾಡ್ತಾನಾ?”

ಗಾಡಿ ಹತ್ತಿ ಕುಳಿತೆ. ಮತ್ತೆ ಮಾಡಲು ಹೊತ್ತಿರಲಿಲ್ಲ. ಮಗಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಕಾಲೇಜಿನಲ್ಲಿ ಅವಳ ಮೇಷ್ಟ್ರು, ಮೊನ್ನೆ ಮೊನ್ನೆ ಮೀಸೆ ಬಂದಂಥ ಹುಡುಗ, ಮೈಕ್ ಹಿಡಿದು ಹೇಳುತ್ತಿದ್ದರು: “ಫ್ರೀ ಕೊಟ್ರೆ ಅದು ದಾನ. ದಾನಕ್ಕೆ ಪುಣ್ಯ ಬರತ್ತೆ, ಮಾರ್ಕ್ಸ್ ಬರಲ್ಲ.” ದಾನದ ವಿಚಾರದಲ್ಲಿ ಆ ಪುಟ್ಟ ಮೇಷ್ಟ್ರಿಗಿರುವ ಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಮುಗಿಯುವಾಗಲೇ ಹೊಳೆಯಿತು. ಒಮ್ಮೆ ಯಾತ್ರೆಗೆ ಹೋದಾಗ ದೇವಸ್ಥಾನದ ಹೊರಗೆ ಒಬ್ಬ, “ಪ್ರಸಾದ ಫ್ರೀ ಅಮ್ಮ, ಚೀಲಕ್ಕೆ ಮಾತ್ರ ದುಡ್ಡು” ಎಂದಿದ್ದ. ಆಗ ಅವನನ್ನು ಊರು ಸೇರುವವರೆಗೂ ಬೈದಿದ್ದೆ.

ಮಗಳನ್ನು ಪಕ್ಕಕ್ಕೆ ಕರೆದೆ. “ಅನ್ನ ಮಾರಬೇಡ. ದೊನ್ನೆ ಮಾರು.”

ಅವಳು ನನ್ನನ್ನು ಮೊದಲ ಬಾರಿ ನೋಡುವವಳಂತೆ ನೋಡಿದಳು.

“ಪುಳಿಯೋಗರೆ ಎಷ್ಟಮ್ಮ?” ಎಂದು ಮೊದಲು ಬಂದವರು ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಅಲ್ಲೇ ಓದುವ ಹುಡುಗಿಯೊಬ್ಬಳ ತಂದೆ.

“ಪುಳಿಯೋಗರೆ ಫ್ರೀ ಅಂಕಲ್, ಪ್ರಸಾದ. ದೊನ್ನೆಗೆ ಮೂವತ್ತು” ಎಂದಳು ಸಿಂಚನ.

“ಹಂಗಾರೆ ದೊನ್ನೆ ಬ್ಯಾಡ, ಕೈಗೇ ಹಾಕಿ.”

ಮಗಳ ಮುಖ ಇಳಿಯಿತು. ಆದರೆ ಪ್ರಸಾದಕ್ಕೆ ಕೈ ಒಡ್ಡಿದವರಿಗೆ ಇಲ್ಲ ಎನ್ನಲಾದೀತೆ? ಹಾಕಿದೆ. ಅವರು ತಿಂದರು, ಬೆರಳು ನೆಕ್ಕಿದರು. ಆಮೇಲೆ, “ಎರಡು ದೊನ್ನೆ ಕೊಡಿ” ಎಂದರು. ಅದನ್ನು ನೋಡಿದ ಹಿಂದಿನವರೂ ಕೈ ಒಡ್ಡಿದರು, ಅವರೂ ದೊನ್ನೆ ಕೊಂಡರು. ಪಕ್ಕದ ಮಳಿಗೆಯ ಹುಡುಗರು ತಮ್ಮ ಪಾಸ್ತಾ ಬಿಟ್ಟು ಬಂದು ಸಾಲಿನಲ್ಲಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಡಬರಿಯ ತಳದಲ್ಲಿ ಕಡಲೆಬೀಜವೂ ಉಳಿದಿರಲಿಲ್ಲ.

ಪುಟ್ಟ ಮೇಷ್ಟ್ರು ಮಗಳನ್ನು ವೇದಿಕೆಗೆ ಕರೆದರು. ಮದುಮಕ್ಕಳು ಕೂರುತ್ತಿದ್ದ ಅದೇ ವೇದಿಕೆ. “ಉಚಿತ ಸ್ಯಾಂಪಲ್, ಪ್ಯಾಕೇಜಿಂಗ್‌ನಲ್ಲಿ ಲಾಭ, ಗ್ರಾಹಕರ ನಂಬಿಕೆ! ನಾವು ಮೂರು ವರ್ಷ ಪಾಠ ಮಾಡಿದ್ದು ಇದನ್ನೇ. ಸಿಂಚನ ಪಾಸ್. ಯಾರದಮ್ಮ ಈ ಐಡಿಯಾ?”

“ನಂದೇ ಸರ್” ಎಂದಳು ಮಗಳು, ರೆಪ್ಪೆ ಬಡಿಯದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ದೇವರು ದೊಡ್ಡವನು, ಮಗು ವರ್ಷ ಕಳೆದುಕೊಳ್ಳಲಿಲ್ಲ ಎಂದು ಕಣ್ಣು ತುಂಬಿತು. ಗಾಡಿಯಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.

ನನಗೆ ಮಾತ್ರ ಮನೆ ಸೇರುವವರೆಗೂ ಒಳಗೊಳಗೇ ಕುದಿ. ಮಾಡುವವನೂ ಅವನೇ, ಮಾಡಿಸುವವನೂ ಅವನೇ, ನನ್ನದೇನಿದೆ ಎಂದು ದಿನಾ ದೇವರ ಪೀಠದ ಮುಂದೆ ಹೇಳುವ ಹೆಂಗಸು ನಾನು. ಸಂಜೆ ದೀಪ ಹಚ್ಚಿ ಅದನ್ನೇ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ: “ಸ್ವಾಮಿ, ಎಲ್ಲ ನಿನ್ನದೇ ಇರಲಿ. ಆ ದೊನ್ನೆ ಉಪಾಯ ಒಂದು ನಂದು ಅಂತ ಆ ಮೇಷ್ಟ್ರಿಗೆ ಹೆಂಗಾದ್ರೂ ತಿಳಿಸು.”