ಕೈಕೊಡದ ಕಾರು ಹುಡುಕಿದ ಒಂಬತ್ತು ವಾರ

ಜನ ಕಾರು ಕೊಳ್ಳುವ ರೀತಿ ನೋಡಿದರೆ ನನಗೆ ನಗು ಬರುತ್ತದೆ. ಒಬ್ಬ ಬಣ್ಣ ನೋಡಿ ಕೊಳ್ಳುತ್ತಾನೆ, ಇನ್ನೊಬ್ಬ ಭಾವಮೈದುನ ಹೇಳಿದನೆಂದು ಕೊಳ್ಳುತ್ತಾನೆ, ಮತ್ತೊಬ್ಬ ಎದುರುಮನೆಯವರು ಕೊಂಡರೆಂಬ ಹೊಟ್ಟೆಯುರಿಗೇ ಕೊಳ್ಳುತ್ತಾನೆ! ನಾನು ಅಂಥವನಲ್ಲ. ಫ್ಯಾನ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಣಮಟ್ಟ ಪರೀಕ್ಷಕ. ನಾನು ಮೂಗು ಮುರಿದ ಫ್ಯಾನು ಇವತ್ತಿನವರೆಗೂ ಗೇಟು ದಾಟಿಲ್ಲ. ಇಂಥ ನಾನು ಒಂದು ಸಣ್ಣ ಎಸ್‌ಯುವಿ ಕೊಳ್ಳಲು ಹೊರಟರೆ ಅದು ಬರೀ ಕಾರಲ್ಲ, ಮಹಾಕಾರ್ಯ!

ಕಾರ್ಯಕ್ಕೆ ಕಾರಣ ನನ್ನ ಹೆಂಡತಿ. ಅವಳು ನರ್ಸು. ಈ ವರ್ಷ ಹೆಡ್ ನರ್ಸ್ ಆಗಿ ಬಡ್ತಿ ಸಿಕ್ಕಿತು. ಬಡ್ತಿಯ ಬಾಲ ಹಿಡಿದು ಐದು ಗಂಟೆ ದೂರದ ಆಸ್ಪತ್ರೆಗೆ ವರ್ಗವೂ ಆಯಿತು. ಎರಡನೇ ಸಲ ಬಿಡಲು ಹೋದಾಗ ನಮ್ಮ ಹಳೇ ಕಾರು ನಡುದಾರಿಯಲ್ಲಿ ನಿಟ್ಟುಸಿರು ಬಿಟ್ಟು ನಿಂತೇಹೋಯಿತು. ಡ್ಯೂಟಿಗೆ ತಡವಾಗುತ್ತದೆಂದು ಅವಳು ಹಿಂದೆ ಬಂದ ತರಕಾರಿ ಲಾರಿ ಹತ್ತಿ ಹೊರಟುಬಿಟ್ಟಳು. ಎಲೆಕೋಸಿನ ಮೂಟೆಗಳ ಪಕ್ಕದಿಂದ ಕೈ ಬೀಸಿದಳು. ನಾನು ಬಾನೆಟ್ ಎತ್ತಿ ಹಿಡಿದು ನಿಂತಿದ್ದೆ. ತಿರುಗಿ ಬೀಸಲು ಕೈ ಖಾಲಿ ಇರಲಿಲ್ಲ.

ಆ ಕಾರನ್ನು ಗುಜರಿಗೆ ಹಾಕಿ ಫೋನಿನಲ್ಲಿ ಘೋಷಿಸಿದೆ: "ಇನ್ನು ಬಂದರೆ ಜನ್ಮದಲ್ಲಿ ಕೈಕೊಡದ ಕಾರಲ್ಲೇ ಬರೋದು! ಅಲ್ಲೀವರೆಗೂ ನಿನ್ನ ಊರಿಗೆ ಕಾಲಿಡಲ್ಲ!"

"ಭಾಷಣ ಆಮೇಲೆ ಮಾಡಿ. ಈ ಶನಿವಾರ ಬರ್ತೀರೋ ಇಲ್ವೋ?"

"ಸಂಶೋಧನೆ ಮುಗೀಲಿ ಕಣೇ."

"ಹೂಂ," ಅಂದಳು. ಅವಳ ಏಳು ಬಗೆಯ 'ಹೂಂ' ನನಗೆ ಗೊತ್ತು. ಇದು ಎಂಟನೆಯದು.

ಮನೆಯಲ್ಲಿ ನಾನೊಬ್ಬನೇ ಉಳಿದೆ. ಒಂದು ತಟ್ಟೆ, ಒಂದು ಲೋಟ ತೊಳೆಯುವುದು ಎಷ್ಟು ಬೇಗ ಮುಗಿಯುತ್ತದೆ ಗೊತ್ತೇ? ಅಡುಗೆಕಟ್ಟೆಯ ಮುಂದೆ ನಿಂತೇ ಬ್ರೆಡ್ಡು ತಿನ್ನುತ್ತಿದ್ದೆ. ಸಂಜೆ ಬೀಗ ತೆಗೆದು ಅಭ್ಯಾಸಬಲದಿಂದ "ಬಂದೆ" ಅನ್ನುತ್ತಿದ್ದೆ. ಫ್ರಿಜ್ಜು "ಗುರ್ರ್" ಅನ್ನುತ್ತಿತ್ತು. ಮಾತಾಡಿಸಿದವರನ್ನು ಗುರ್ ಅನ್ನುವ ಫ್ರಿಜ್ಜನ್ನು ಪಾಸು ಮಾಡಿದವನಾರು ಎಂದು ಪರೀಕ್ಷಕನಾಗಿ ನನಗೆ ಸಿಟ್ಟು ಬರುತ್ತಿತ್ತು.

ಇರಲಿ. ಊಟದ ಮೇಜಿನ ಮೇಲೆ ದೊಡ್ಡ ತಖ್ತೆ ಹಾಸಿದೆ. ಸ್ಪರ್ಧಿಗಳು ಮೂವರು. ಕಂಪನಿಗಳ ಹೆಸರೆತ್ತಿದರೆ ಜಗಳವಾದೀತು. ನಾನಿಟ್ಟ ಹೆಸರಿನಲ್ಲೇ ಕೇಳಿ: ಉಬ್ಬುಗಣ್ಣ, ದಪ್ಪಮೂತಿ, ಗಿಡ್ಡಬಾಲ. ಕಾಲಂ ಎರಡು: ಜನಪ್ರಿಯತೆ, ವಿಶ್ವಾಸಾರ್ಹತೆ.

ಜನಪ್ರಿಯತೆಗೆ ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ರಸ್ತೆಯ ಕಾರುಗಳನ್ನು ಎಣಿಸಿದೆ. ದಪ್ಪಮೂತಿ ಒಂಬತ್ತು, ಗಿಡ್ಡಬಾಲ ಆರು, ಬಿಳೀ ಉಬ್ಬುಗಣ್ಣ ಮೂವತ್ತೊಂದು! ತಕ್ಷಣ ಫೋನು ಮಾಡಿದೆ.

"ಉಬ್ಬುಗಣ್ಣ ಭಾರೀ ಬಹುಮತದಿಂದ ಗೆದ್ದ!"

"ತಿಂಡಿ ತಿಂದ್ರಾ?"

"ಊರಿಗೂರೇ ಅದನ್ನ ಓಡಿಸ್ತಿದೆ ಕಣೇ!"

ಅಷ್ಟರಲ್ಲಿ ಮೂವತ್ತೆರಡನೆಯದು ಬಂತು. ಸರಿಯಾಗಿ ನೋಡಿದರೆ ಅದರ ಬೆನ್ನಿಗೆ ಕೆಂಪು ಎಲ್ ಬೋರ್ಡು. ಡ್ರೈವಿಂಗ್ ಸ್ಕೂಲಿನ ಒಂದೇ ಕಾರು ಬೆಳಗಿನಿಂದ ನಮ್ಮ ಬೀದಿ ಸುತ್ತುತ್ತಿತ್ತು! ವಿಷಯ ಹೆಂಡತಿಗೆ ಹೇಳಲಿಲ್ಲ. ತಿಂಡಿ ತಿಂದೆ ಎಂದು ಸುಳ್ಳು ಹೇಳಿದೆ.

ವಿಶ್ವಾಸಾರ್ಹತೆ ತಿಳಿಯಲು ಗ್ಯಾರೇಜಿಗೆ ಹೋಗಿ, ಯಾವ ಕಾರು ಕೆಡುವುದಿಲ್ಲ ಎಂದು ಮೆಕ್ಯಾನಿಕ್ಕನ್ನು ವಿಚಾರಿಸಿದೆ. ಅವನು ಸ್ಪ್ಯಾನರು ಕೆಳಗಿಟ್ಟ. "ಇಲ್ಲಿಗೆ ಬರೋದೆಲ್ಲ ಕೆಟ್ಟಿದ್ದೇ ಸಾರ್. ಆಸ್ಪತ್ರೆಗೆ ಬಂದು ಊರಲ್ಲಿ ಯಾರು ಗಟ್ಟಿಮುಟ್ಟಾಗಿದಾರೆ ಅಂತ ಕೇಳಿದ ಹಾಗಾಯ್ತು."

ಉಳಿದದ್ದು ಟೆಸ್ಟ್ ಡ್ರೈವ್. ಇಲ್ಲೊಂದು ತಪ್ಪೊಪ್ಪಿಗೆ. ದಪ್ಪಮೂತಿಯ ಶೋರೂಮಿಗೆ ನಾನು ಆರು ಸಲ ಹೋದೆ. ಅಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬರು ಎದ್ದು ನಿಂತು "ಬನ್ನಿ ಬನ್ನಿ, ಹೇಗಿದೀರಿ?" ಅನ್ನುತ್ತಿದ್ದರು. ಕಾಫಿ ಕೊಟ್ಟು, ಸಕ್ಕರೆ ಸಾಕಾ ಎಂದು ವಿಚಾರಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು ಇಪ್ಪತ್ತು ನಿಮಿಷ ನಾನಂದದ್ದಕ್ಕೆಲ್ಲ ಹೌದೌದು ಅನ್ನುತ್ತಿದ್ದರು. ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದರೆ ಯಾವ ಕಾರಾದರೂ ಚೆನ್ನಾಗಿಯೇ ಓಡುತ್ತದೆ. ಈ ಅಂಶಕ್ಕೆ ನನ್ನ ತಖ್ತೆಯಲ್ಲಿ ಕಾಲಂ ಇರಲಿಲ್ಲ. ಆರನೇ ಸಲ ಅವರೇ ಮೆಲ್ಲಗೆ ಕೇಳಿದರು:

"ಸಾರ್, ಬೇಜಾರು ಮಾಡ್ಕೋಬೇಡಿ. ಮನೇಲಿ ಯಾರೂ ಇಲ್ವಾ?"

ಏಳನೇ ಸಲ ಹೋಗಲಿಲ್ಲ.

ಇನ್ನು ಪ್ರತ್ಯಕ್ಷ ಪರೀಕ್ಷೆಯೇ ಗತಿ! ಒಂಬತ್ತನೇ ವಾರದ ಭಾನುವಾರ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಟಾರ್ಚು, ನೋಟ್‌ಬುಕ್ಕು ಹಿಡಿದು ಇಳಿದೆ. ಮೂರನೇ ಮಹಡಿಯವರ ಗಿಡ್ಡಬಾಲದ ಅಡಿ ಎಣ್ಣೆ ಸೋರುತ್ತದೆಯೇ ಎಂದು ನೋಡಲು ಅಂಗಾತ ಮಲಗಿ ತೂರಿಕೊಂಡೆ. ಎಣ್ಣೆ ಸೋರುತ್ತಿರಲಿಲ್ಲ. ಖುಷಿಯಲ್ಲಿ ತಲೆಯೆತ್ತಿದೆ. ಢಣ್! ಕಾರು ಕಿಟಾರನೆ ಕೂಗಿಕೊಂಡಿತು. ಪಕ್ಕದ ಕಾರು ಬೆಚ್ಚಿ ದನಿಗೂಡಿಸಿತು!

ವಾಚ್‌ಮನ್ ನನ್ನ ಕಾಲು ಹಿಡಿದು ಹೊರಗೆಳೆದ. ಹದಿನೈದು ಜನ ಸೇರಿದ್ದರು. ಸಂಘದ ಕಾರ್ಯದರ್ಶಿ ಮೇಡಂ ನನ್ನ ನೋಟ್‌ಬುಕ್ಕು ಬಿಡಿಸಿ ಗಟ್ಟಿಯಾಗಿ ಓದಿದರು:

"ಮೂರನೇ ಮಹಡಿ. ಬೆಳಗ್ಗೆ ಎಂಟೂ ಹತ್ತಕ್ಕೆ ಹೊರಡುತ್ತಾರೆ, ಸಂಜೆ ಏಳಕ್ಕೆ ವಾಪಸ್. ಅಯ್ಯಯ್ಯೋ! ಯಾರು ಯಾವಾಗ ಮನೇಲಿರಲ್ಲ ಅಂತೆಲ್ಲ ಬರ್ಕೊಂಡಿದಾನೆ!"

"ಅದು ಸ್ಟಾರ್ಟ್ ಆಗುತ್ತಾ ಇಲ್ವಾ ಅಂತ ಬರೆದಿದ್ದು! ನಾನು ಇಲ್ಲೇ ಐದನೇ ಮಹಡೀಲಿ ಹದಿಮೂರು ವರ್ಷದಿಂದ ಇದೀನಿ!"

"ನಾವ್ಯಾರೂ ನೋಡೇ ಇಲ್ವಲ್ಲ!"

"ನನ್ನ ಹೆಂಡತಿ ನರ್ಸು…"

"ಓಹೋ, ಸಿಸ್ಟರ್ ಮನೆಯವರಾ!" ಅಂದರು ನಾಲ್ಕೈದು ಜನ ಒಟ್ಟಿಗೆ. ಒಬ್ಬರ ತಾಯಿಗೆ ಇಂಜೆಕ್ಷನ್ ಕೊಟ್ಟಿದ್ದಳಂತೆ, ಇನ್ನೊಬ್ಬರ ಮಗುವಿನ ಕೈಗೆ ಪಟ್ಟಿ ಕಟ್ಟಿದ್ದಳಂತೆ. ಅವಳನ್ನು ಅರಿಯದವರೇ ಇಲ್ಲ. ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಆದರೂ ಖಾತ್ರಿಯಾಗಲಿ ಎಂದು ಮೇಡಂ ಅವಳಿಗೆ ಫೋನು ಮಾಡಿ ಸ್ಪೀಕರ್ ಒತ್ತಿದರು.

"ಸಿಸ್ಟರ್, ನಿಮ್ಮ ಮನೆಯವರು ಕಾರಿನ ಕೆಳಗೆ ಮಲಗಿದ್ರು."

"ಮಲಗಿದ್ರಾ, ಬಿದ್ದಿದ್ರಾ? ಪೆಟ್ಟಾಗಿದ್ಯಾ?"

"ಏನೂ ಆಗಿಲ್ಲ ಕಣೇ," ನಾನು ನಡುವೆ ಬಾಯಿ ಹಾಕಿದೆ. "ಎಣ್ಣೆ ಸೋರುತ್ತಾ ನೋಡ್ತಿದ್ದೆ. ನಿನ್ನ ಹತ್ರ ಬರೋಕೆ ಕಾರು…"



"ರೀ, ಇಲ್ಲಿಗೆ ಗಂಟೆಗೊಂದು ಬಸ್ಸಿದೆ. ಒಂಬತ್ತು ವಾರದಿಂದಲೂ ಇದೆ."

ಇಟ್ಟುಬಿಟ್ಟಳು. ಹದಿನೈದು ಜನವೂ ನನ್ನನ್ನು ನೋಡಿದರು. ಕಳ್ಳನೆಂದು ನೋಡಿದ ನೋಟವೇ ಎಷ್ಟೋ ಮೇಲಿತ್ತು!

ಮಾರನೆಯ ಬೆಳಗ್ಗೆ ರಜೆ ಹಾಕಿ, ಸಿಕ್ಕಿದ ಬಸ್ಸು ಹತ್ತಿದೆ. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ, ಸೀಟು ಹಿಂದಕ್ಕೆ ವಾಲಿದರೆ ಮುಂದಕ್ಕೆ ಬರುತ್ತಿರಲಿಲ್ಲ. ನನ್ನ ಕೈಗೆ ಸಿಕ್ಕಿದ್ದರೆ ಆ ಬಸ್ಸು ಗೇಟು ದಾಟುತ್ತಲೇ ಇರಲಿಲ್ಲ. ಆದರೆ ಐದು ಗಂಟೆಯ ದಾರಿಯನ್ನು ಐದು ನಿಮಿಷ ಮೊದಲೇ ಮುಗಿಸಿ ಇಳಿಸಿತು.

ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಒಬ್ಬ ಎಳೇ ನರ್ಸು ತಡೆದಳು. "ಯಾರನ್ನ ನೋಡ್ಬೇಕಿತ್ತು?"

"ಹೆಡ್ ನರ್ಸನ್ನ."

"ಅವರಿಗೆ ಏನಾಗ್ಬೇಕು ನೀವು?"

"ಗಂಡ."

"ಮೇಡಂಗೆ ಮದುವೆ ಆಗಿದ್ಯಾ!" ಎಂದು ಅವಳು ಬಾಯಿ ಮುಚ್ಚಿಕೊಂಡು ಒಳಗೋಡಿದಳು. ಅರ್ಧ ತೆರೆದ ಬಾಗಿಲಿನಿಂದ ಮಾತು ಕೇಳಿಸುತ್ತಿತ್ತು.

"ಮೇಡಂ, ಯಾರೋ ನಿಮ್ಮ ಗಂಡ ಅಂತ ಹೇಳ್ಕೊಂಡು ಬಂದಿದಾರೆ."

"ಹೇಗೆ ಬಂದ್ರಂತೆ? ಕಾರಲ್ಲಾ, ಬಸ್ಸಲ್ಲಾ?"

ಎಳೇ ನರ್ಸು ಹೊರಗೆ ಬಂದು ನನ್ನನ್ನು ಕೇಳಿ ಮತ್ತೆ ಒಳಗೆ ಹೋದಳು. "ಬಸ್ಸಲ್ಲಂತೆ ಮೇಡಂ."

"ಹಾಗಾದ್ರೆ ನಮ್ಮನೆಯವರಲ್ಲ ಬಿಡು. ಅವರು ಬಂದ್ರೆ ಕಾರಲ್ಲೇ ಬರೋರು. ಪಾಪ, ಯಾರೋ ಏನೋ, ಕೂರೋಕೆ ಹೇಳು. ಊಟ ಆಗಿದ್ಯಾ ಕೇಳು!"