ಮೂರನೇ ಮಹಡಿಯ ಪದ್ಮಿನಿ

ಮುಂಬಯಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಜನ ಒದ್ದಾಡುತ್ತಾರಷ್ಟೆ? ನಮ್ಮ ಚಿಕ್ಕಮ್ಮನಿಗೆ ಆ ತಾಪತ್ರಯವೇ ಇರಲಿಲ್ಲ. ಅವಳ ಕಾರು ಮುಲುಂಡಿನ ಲಿಫ್ಟಿಲ್ಲದ ಬಿಲ್ಡಿಂಗೊಂದರ ಮೂರನೇ ಮಹಡಿಯಲ್ಲಿ, ಅಡುಗೆಮನೆಯಿಂದ ಬಾಲ್ಕನಿಯವರೆಗೆ ಹಾಯಾಗಿ ಕೈಕಾಲು ಚಾಚಿಕೊಂಡಿತ್ತು. ಬಂಪರ್ ಮಂಚದ ಕೆಳಗೆ, ಸೈಲೆನ್ಸರ್ ಕಪಾಟಿನ ಹಿಂದೆ, ಬಾಗಿಲುಗಳು ಗೋಡೆಗೆ ಒರಗಿ, ರೇಡಿಯೇಟರ್ ಬಾಲ್ಕನಿಯಲ್ಲಿ ತುಳಸಿಯ ಪಕ್ಕ ಗಾಳಿ ಸೇವಿಸುತ್ತಾ. ಎಲ್ಲ ಸೇರಿಸಿದರೆ ಒಂದು ಪದ್ಮಿನಿ ಆಗುತ್ತಿತ್ತು. ಸೇರಿಸುವವರು ಮಾತ್ರ ಇರಲಿಲ್ಲ.

ಪದ್ಮಿನಿ ಅಂದರೆ ಗೊತ್ತಲ್ಲ? ಒಂದು ಕಾಲದಲ್ಲಿ ಈ ಊರಿನ ಕಾಲಿ-ಪೀಲಿ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿಗಳೆಲ್ಲ ಅದೇ. ಡಬ್ಬಿಯ ಹಾಗೆ ಚೌಕ, ಅತ್ತೆಯ ಹಾಗೆ ಗಟ್ಟಿ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ, ಉಡುಪಿ ಕಡೆಯವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆ, ನೋಡಲು ಬಂದ ಗಂಡುಗಳಲ್ಲಿ ಒಬ್ಬನಿಗೂ ಡ್ರೈವಿಂಗ್ ಬರುತ್ತಿರಲಿಲ್ಲ ಎನ್ನುತ್ತಿದ್ದಳು. ಕೊನೆಗೆ ತಾನೇ ಡ್ರೈವಿಂಗ್ ಕಲಿತು, ಕೆನೆ ಬಣ್ಣದ ಸೆಕೆಂಡ್‌ಹ್ಯಾಂಡ್ ಪದ್ಮಿನಿಯೊಂದನ್ನು ಮನೆ ತುಂಬಿಸಿಕೊಂಡಳು. ಆಮೇಲೆ ಗಂಡಿನ ವಿಷಯ ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು. ಆದರೆ ಈ ಕಾರು ಇನ್ನು ಮುಂದೆ ತಯಾರಾಗುವುದಿಲ್ಲ ಎಂಬ ಸುದ್ದಿ ಯಾರೋ ಅವಳ ಕಿವಿಗೆ ಹಾಕಿದರು. ನಾಳೆ ಸಾಮಾನು ಸಿಗದೇ ಹೋದರೆ? ಅಂದಿನಿಂದ ಅವಳು ಕುರ್ಲಾದ ಹಳೇ ಸಾಮಾನಿನ ಗಲ್ಲಿಗಳನ್ನು ಸುತ್ತತೊಡಗಿದಳು. ಬೇರೆ ಹೆಂಗಸರ ಚೀಲದಿಂದ ಬಸಳೆ ಸೊಪ್ಪು ಇಣುಕಿದರೆ ಇವಳ ಚೀಲದಿಂದ ಕ್ಲಚ್ ಪ್ಲೇಟ್ ಇಣುಕುತ್ತಿತ್ತು. ಯಾವುದನ್ನೂ ಒಂದೇ ತರುವವಳಲ್ಲ. ಒಂದು ಹಾಳಾದರೆ ಇನ್ನೊಂದು ಬೇಕಲ್ಲ! ಆ ಇನ್ನೊಂದೂ ಹಾಳಾದರೆ ಎಂದು ಮೂರನೆಯದನ್ನೂ ತರುತ್ತಿದ್ದಳು.

ರಬ್ಬರಿನ ಸಾಮಾನು ಸೆಕೆಗೆ ಬಿರಿಯುತ್ತವೆಂದು ಫ್ರಿಜ್ಜಿನಲ್ಲಿಡುತ್ತಿದ್ದಳು. ನಮ್ಮ ಮದುವೆಯಾದ ಹೊಸತರಲ್ಲಿ ನನ್ನ ಗಂಡ ಅವಳ ಮನೆಗೆ ಬಂದವರು ತಣ್ಣೀರಿಗೆಂದು ಫ್ರಿಜ್ಜು ತೆಗೆದರು. ಇಡ್ಲಿ ಹಿಟ್ಟಿನ ಪಾತ್ರೆಯ ಹಿಂದೆ ಕಪ್ಪಗೆ ಏನೋ ಸುರುಳಿ ಸುತ್ತಿ ಮಲಗಿತ್ತು. ಅವರು ಮೆಲ್ಲಗೆ ಬಾಗಿಲು ಮುಚ್ಚಿ ಬಂದು ಕೂತು, ತಮಗೆ ಅಷ್ಟೇನೂ ಬಾಯಾರಿಕೆ ಇಲ್ಲ ಎಂದರು. ಅದು ಫ್ಯಾನ್ ಬೆಲ್ಟ್ ಎಂದು ನಾನು ಹೇಳಿದ್ದು ಮನೆಗೆ ಬಂದ ಮೇಲೆ. ಇವತ್ತಿಗೂ ಅವರು ಯಾರ ಮನೆಯ ಫ್ರಿಜ್ಜನ್ನೂ ಮುಟ್ಟುವುದಿಲ್ಲ.

ವಿಪರ್ಯಾಸ ನೋಡಿ. ಇಷ್ಟೆಲ್ಲ ಸಾಮಾನು ಇದ್ದರೂ ಕಾರೇ ಉಳಿಯಲಿಲ್ಲ. ಮಳೆ, ಉಪ್ಪು ಗಾಳಿ ಸೇರಿ ಅದರ ತಳವನ್ನು ತುಕ್ಕು ತಿಂದಿತು. ಎಂಜಿನ್ ಬದಲಿಸಬಹುದು ಮೇಡಂ, ನೆಲ ಹೇಗೆ ಬದಲಿಸಲಿ ಎಂದು ಮೆಕ್ಯಾನಿಕ್ ಕೈಚೆಲ್ಲಿದ. ಅದನ್ನು ಎಳೆದೊಯ್ಯುವ ದಿನ ಚಿಕ್ಕಮ್ಮ ಗೇಟಿನವರೆಗೆ ಬಂದಳು. ಮೇಲೆ ಹೋಗಿ ಚಹಾ ಮಾಡಿದಳು. ಸದ್ಯ, ಇನ್ನಾದರೂ ಮನೆ ಖಾಲಿಯಾದೀತು ಎಂದು ನಾನು ಬಾಯಿ ತೆರೆದೆ.

"ಕಾರು ಹೋಯ್ತು ಅಂತ ಸಾಮಾನು ಎಂತ ಪಾಪ ಮಾಡಿದೆ?" ಎಂದಳು. ಯಾರಿಗಾದರೂ ಬೇಕಾಗುತ್ತದಂತೆ.

ಯಾರಿಗೂ ಬೇಕಾಗಲಿಲ್ಲ. ವರ್ಷಗಳು ಕಳೆದವು. ಅವಳ ಮಂಡಿನೋವು ಜಾಸ್ತಿಯಾಯಿತು, ಮೆಟ್ಟಿಲಿಳಿಯುವುದು ಕಡಿಮೆಯಾಯಿತು. ದಿನವಿಡೀ ಆ ಕಬ್ಬಿಣದ ನಡುವೆ ಕೂತು, ಒಂದೊಂದನ್ನೇ ಎತ್ತಿ ಒರೆಸಿ ಇಡುತ್ತಿದ್ದಳು. ನಮ್ಮ ಜೊತೆ ಬಂದಿರು ಎಂದು ಎಷ್ಟು ಕರೆದರೂ, ಇವನ್ನೆಲ್ಲ ಎಲ್ಲಿಡುವುದು ಎಂಬ ಒಂದೇ ಪ್ರಶ್ನೆ. ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಉತ್ತರ ಅಟ್ಟದಿಂದ ಬಿತ್ತು. ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾಗ ಬೆಲ್ ಆಯಿತು. ಗೊಣಗುತ್ತಾ ಎದ್ದು ಬಾಗಿಲಿಗೆ ಹೋದಳು. ಪಕ್ಕದ ಮನೆಗೆ ಹೋಗಬೇಕಾದ ಪಾರ್ಸಲ್ ಹಿಡಿದು ಯಾರೋ ನಿಂತಿದ್ದ. ಅವನಿಗೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಸಿಡಿಲು ಬಡಿದಂತಾಯಿತು. ಅಡುಗೆಮನೆಯ ಅಟ್ಟ ಕುಸಿದು, ಅದರ ಮೇಲಿದ್ದ ಗೇರ್‌ಬಾಕ್ಸ್ ನೇರ ತುರಿಮಣೆಯ ಮೇಲೆ ಕೂತಿತ್ತು. ನನಗೆ ಫೋನು ಬಂತು. "ಹೆದರ್‍ಬೇಡ, ಏನೂ ಆಗ್ಲಿಲ್ಲ," ಎಂದಳು.

"ನಿನಗಾ?"

"ಗೇರ್‌ಬಾಕ್ಸಿಗೆ."

ಓಡಿಹೋಗಿ ನೋಡಿದೆ. ತುರಿಮಣೆ ಎರಡು ತುಂಡಾಗಿತ್ತು. ಅವಳು ಕೂತಿದ್ದ ಜಾಗ ಅದೇ. ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ. ಅಷ್ಟರಲ್ಲಿ ಕೆಳಗಿನ ಮನೆಯವರು ಊಟದ ತಟ್ಟೆ ಹಿಡಿದುಕೊಂಡೇ ಮೇಲೆ ಬಂದರು. ಅವರ ದಾಲ್‌ನಲ್ಲಿ ನಮ್ಮ ಚಿಕ್ಕಮ್ಮನ ನೆಲದ ಗಾರೆ ತೇಲುತ್ತಿತ್ತು. ಸೊಸೈಟಿಯ ಸೆಕ್ರೆಟರಿ ಬಂದು, ಇದು ಮನೆಯೋ ಗ್ಯಾರೇಜೋ ಎಂದು ಕೇಳಿ, ಎಲ್ಲವನ್ನೂ ಕೂಡಲೇ ತೆಗೆಸಬೇಕು ಎಂದು ಹೇಳಿ ಹೋದರು. ಚಿಕ್ಕಮ್ಮ ನಾನು ಅಳುವುದನ್ನು ನೋಡುತ್ತಾ ಕೂತಿದ್ದಳು.

"ಆಯ್ತು ಮಾರಾಯ್ತಿ, ಕೊಡುವ," ಎಂದಳು ಕೊನೆಗೆ. "ಆದ್ರೆ ಗುಜರಿಗಲ್ಲ. ಓಡುವ ಕಾರಿಗೆ."

ಓಡುವ ಪದ್ಮಿನಿಯನ್ನು ಈಗ ಎಲ್ಲಿಂದ ತರುವುದು? ನನ್ನ ಗಂಡನೇ ಫೋನಿನಲ್ಲಿ ಹುಡುಕಿ, ಬಾಂದ್ರಾದ ಮೈದಾನವೊಂದರಲ್ಲಿ ಭಾನುವಾರ ಸ್ವಾಪ್ ಮೀಟ್ ಇದೆ ಎಂದರು. ಹಳೇ ಕಾರಿನ ಹುಚ್ಚಿರುವವರೆಲ್ಲ ಒಂದೆಡೆ ಸೇರಿ ಬಿಡಿಭಾಗ ಮಾರುವುದು, ಕೊಳ್ಳುವುದು, ಬದಲಾಯಿಸಿಕೊಳ್ಳುವುದು. ಅಂಥವರದೇ ಒಂದು ಸಂತೆ ಇದೆಯೆಂದು ತಿಳಿದು ನನಗೆ ಸಮಾಧಾನವೂ ಆಯಿತು, ಗಾಬರಿಯೂ ಆಯಿತು.

ಸಾಮಾನೆಲ್ಲ ಟೆಂಪೋ ಏರಿತು, ಗಂಡ ಅದರ ಜೊತೆ ಹೋದರು. ಬಂಪರ್ ಮಾತ್ರ ಟೆಂಪೋದಲ್ಲಿ ಕುಲುಕಿ ಗೀರು ಬೀಳುತ್ತದೆಂದು ಚಿಕ್ಕಮ್ಮ ಪಟ್ಟು ಹಿಡಿದಳು. ಹಾಗಾಗಿ ನಾವಿಬ್ಬರೂ ಅದರ ಒಂದೊಂದು ತುದಿ ಹಿಡಿದು ಲೋಕಲ್‌ಗೆ ಹೊರಟೆವು. ಭಾನುವಾರದ ಮೆಗಾಬ್ಲಾಕ್ ಬೇರೆ, ಹಳಿ ರಿಪೇರಿಗೆಂದು ಅರ್ಧ ಗಾಡಿಗಳು ಬಂದ್. ಹೇಗೋ ಲಗೇಜ್ ಡಬ್ಬ ಹತ್ತಿದೆವು. ಅಲ್ಲಿ ಮೆಂತ್ಯ ಸೊಪ್ಪಿನ ಗಂಟಿನ ಮೇಲೆ ಕೂತಿದ್ದ ಹೆಂಗಸು ಬಂಪರನ್ನು ದಿಟ್ಟಿಸಿ ನೋಡಿ, ಅದರ ಹೊಳಪಿನಲ್ಲಿ ತನ್ನ ಕುಂಕುಮ ಸರಿಮಾಡಿಕೊಂಡಳು. ಆಮೇಲೆ ಮೀನಿನ ಬುಟ್ಟಿಯವಳು ತಲೆ ಬಾಚಿಕೊಂಡಳು. ಘಾಟ್ಕೋಪರ್ ಬರುವಷ್ಟರಲ್ಲಿ ಸಾಲೇ ನಿಂತಿತ್ತು. ದಾದರಿನಲ್ಲಿ ಇನ್ನೊಂದು ಲೈನಿನ ಗಾಡಿಗೆ ಬದಲಾಗಬೇಕು. ಆ ಜಂಗುಳಿಯಲ್ಲಿ ನಾನು ಹುಟ್ಟಿದಾಗಿನಿಂದ ಏಟು ತಿಂದವಳೇ. ಅವತ್ತು ಬಂಪರ್ ಮುಂದೆ, ನಾವು ಹಿಂದೆ. ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಬಂಪರಿನ ಅವಶ್ಯಕತೆ ಇರುವುದು ಕಾರಿಗಲ್ಲ, ದಾದರಿನಲ್ಲಿ ಇಳಿಯುವವರಿಗೆ ಎಂದು ನನಗೆ ಜ್ಞಾನೋದಯವಾಯಿತು.

ಮೈದಾನದಲ್ಲಿ ಹಳೇ ಚಾದರ ಹಾಸಿ ಅಂಗಡಿ ಇಟ್ಟೆವು. ವ್ಯಾಪಾರ ಶುರುವಾಯಿತು ಅನ್ನಲೇ? ಇಲ್ಲ, ಸಂದರ್ಶನ ಶುರುವಾಯಿತು. ಮೊದಲು ಬಂದವನು ಕೆಫೆಗಳನ್ನು ಅಲಂಕರಿಸುವವನು. ಹೆಡ್‌ಲೈಟುಗಳನ್ನೆಲ್ಲ ಒಟ್ಟಿಗೆ ಕೊಡಿ, ಕೇಳಿದಷ್ಟು ಕೊಡುತ್ತೇನೆ ಎಂದ. ಯಾವ ಕಾರಿಗೆ ಎಂದು ಚಿಕ್ಕಮ್ಮ ಕೇಳಿದಳು. ಕಾರಿಗಲ್ಲ ಆಂಟಿ, ಗೋಡೆಗೆ ಎಂದ.

"ಗೋಡೆಗೆ ಹೆಡ್‌ಲೈಟ್ ಎಂತಕ್ಕೆ?" ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಗೋಡೆ ಎಲ್ಲಿಗೆ ಹೋಗ್ಲಿಕ್ಕುಂಟು?"

ಇದನ್ನು ಹಿಂದಿಗೆ ಅನುವಾದಿಸುವ ಧೈರ್ಯ ನನಗೆ ಬರಲಿಲ್ಲ. ಅವಳ ಮುಖ ನೋಡಿಯೇ ಅವನು ಹೋದ. ಆಮೇಲೆ ಬಂದ ಸಂಗ್ರಾಹಕರು ಬಿಚ್ಚದ ಪೊಟ್ಟಣದಲ್ಲಿದ್ದ ಕಾರ್ಬುರೇಟರ್ ಕೇಳಿದರು. ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಚಿಕ್ಕಮ್ಮ ಅವರೆದುರೇ ಪೊಟ್ಟಣ ಹರಿದು ಬಿಚ್ಚಿದಳು. ಅವರೂ ಹೋದರು. ಹೀಗೆ ಮಧ್ಯಾಹ್ನದವರೆಗೆ ನಮ್ಮ ಅಂಗಡಿಯಿಂದ ಗಿರಾಕಿಗಳ ಹೊರತು ಏನೂ ಹೊರಗೆ ಹೋಗಲಿಲ್ಲ. ನನ್ನ ಗಂಡ ಟೆಂಪೋದವನಿಗೆ, ಇನ್ನೂ ಹೋಗಬೇಡಪ್ಪಾ, ವಾಪಸು ಒಯ್ಯುವುದಿರುತ್ತದೆ ಎಂದು ಹೇಳಿ ಬಂದರು. ಒಂದು ಅಟ್ಟ ಬಿದ್ದಿದೆ, ಬಾಲ್ಕನಿ ಯಾವಾಗ ಬೀಳುತ್ತದೋ ಎಂದು ಯೋಚಿಸುತ್ತಾ ನಾನು ಚಹಾ ತರಲು ಹೋದೆ.

ಮರಳಿ ಬಂದಾಗ ಚಿಕ್ಕಮ್ಮ ಇಲ್ಲ. ಸಾಮಾನು ಕಾಯುತ್ತಿದ್ದ ಗಂಡ, ಯಾರೋ ಬಂದು ಏನೋ ಕೇಳಿದರು, ಆಕಡೆ ಹೋದಳು ಎಂದು ಕೈ ತೋರಿಸಿದರು. ಆಕಡೆ ಮೈದಾನದ ಅಂಚಿನಲ್ಲಿ ಜನ ಗುಂಪುಗೂಡಿದ್ದರು. ನಡುವೆ ಒಂದು ಮಾಸಿದ ನೀಲಿ ಪದ್ಮಿನಿ. ಅದರ ಕೆಳಗಿನಿಂದ ಚಾಚಿಕೊಂಡಿದ್ದವು ಎರಡು ಕಾಲು. ಗುರುತಿನ ಸೀರೆ, ಗುರುತಿನ ಚಪ್ಪಲಿ. ಕೈಯಲ್ಲಿದ್ದ ಚಹಾ ಎಲ್ಲಿ ಬಿತ್ತೋ ಗೊತ್ತಿಲ್ಲ. ಜನರನ್ನು ತಳ್ಳಿಕೊಂಡು ಹೋಗಿ ಮಂಡಿಯೂರಿ, ಚಿಕ್ಕಮ್ಮಾ ಎಂದು ಕಿರುಚಿದೆ.

"ಬೆಳಕಿಗೆ ಅಡ್ಡ ನಿಲ್ಬೇಡ," ಎಂದಿತು ಕಾರಿನ ಅಡಿಯಿಂದ ಒಂದು ಸ್ವರ.

ಜೀವ ಬಂತು. ಅಷ್ಟು ಸಿಟ್ಟಿನ ಸ್ವರದಿಂದ ಅಷ್ಟು ನೆಮ್ಮದಿ ನನಗೆ ಯಾವತ್ತೂ ಆಗಿರಲಿಲ್ಲ.

ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದವರು ಕಾರಿನ ಯಜಮಾನರು, ಆಂಟಾಪ್ ಹಿಲ್‌ನವರು, ಮೂಲದಲ್ಲಿ ವಿಜಯಪುರ ಕಡೆಯವರು. ನಾವು ಕನ್ನಡದವರೆಂದು ತಿಳಿದು ಕಥೆಯನ್ನೆಲ್ಲ ಹೇಳಿದರು. ಬಾಂದ್ರಾದ ಒಬ್ಬ ಸೇಠರ ಮನೆಯಲ್ಲಿ ಡ್ರೈವರ್ ಆಗಿದ್ದರಂತೆ. ಸೇಠರು ಹೊಸ ಕಾರು ಕೊಂಡಾಗ ಇದನ್ನು ಇವರಿಗೇ ಕೊಟ್ಟರಂತೆ. ಈಗ ಗೇರಿನ ಬುಶ್ ಸವೆದು ಎರಡನೇ ಗೇರಿನಲ್ಲೇ ಸಿಕ್ಕಿಹಾಕಿಕೊಂಡಿದೆ. ಆಂಟಾಪ್ ಹಿಲ್‌ನಿಂದ ಇಲ್ಲಿವರೆಗೆ ಅದೊಂದೇ ಗೇರಿನಲ್ಲಿ ಅರಚಿಸಿಕೊಂಡು ಬಂದಿದ್ದಾರೆ. ಬೆರಳಿಗೆ ಹಾಕುವ ಉಂಗುರದಷ್ಟು ತುಂಡು, ಎಲ್ಲೂ ಸಿಗಲಿಲ್ಲ. ಹಾಗಾಗಿ ಮಾರಿಬಿಡಲು ತಂದಿದ್ದರು.

"ಒಬ್ಬಾಂವ ಬಾಗಲಾ ಕೇಳ್ತಾನ್ರಿ, ಒಬ್ಬಾಂವ ಗ್ರಿಲ್ ಕೇಳ್ತಾನ," ಎಂದರು. "ಇಡೀ ಗಾಡಿ ಯಾರೂ ಕೇಳವಲ್ರು. ಬಿಚ್ಚಿ ಕೊಡ್ಲಿಕ್ಕ ಕೈ ಬರವಲ್ದು."

ಕೊನೆಯ ಆಸೆಯೆಂದು ನಮ್ಮ ಚಾದರದ ಹತ್ತಿರ ಬಂದು ಬುಶ್ ಕೇಳಿದ್ದಾರೆ. ಚಿಕ್ಕಮ್ಮ ಸಣ್ಣಪುಟ್ಟ ಸಾಮಾನು ತುಂಬಿಟ್ಟಿದ್ದ ಹಳೇ ಇಂಗಿನ ಡಬ್ಬಿಯಿಂದ ಒಂದು ಹಿಡಿ ಬುಶ್ ತೆಗೆದು, ಯಾವುದು ಕೂರುತ್ತದೋ ನೋಡುವ ಎಂದು ಎದ್ದಿದ್ದಾಳೆ. ಮೂರು ಮಹಡಿ ಇಳಿಯಲು ಮಂಡಿನೋವು. ಕಾರಿನ ಅಡಿಗೆ ನುಸುಳಲು ಮಾತ್ರ ಇಲ್ಲ!

"ಮೂರನೇ ಗೇರ್ ಹಾಕಿ," ಎಂದಳು ಕೆಳಗಿನಿಂದ. ಅವರು ಒಳಗೆ ಕೂತು ಹಾಕಿದರು. ಕಟ್ ಎಂದು ಬಿತ್ತು. ನಾಲ್ಕನೆಯದು, ಮೊದಲನೆಯದು, ರಿವರ್ಸ್, ಎಲ್ಲವೂ ಬಿದ್ದವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆಮೇಲೆ ನಾನೂ, ಚಪ್ಪಾಳೆ ಕೇಳಿ ಓಡಿ ಬಂದ ಗಂಡನೂ ಒಂದೊಂದು ಕಾಲು ಹಿಡಿದು ಚಿಕ್ಕಮ್ಮನನ್ನು ಹೊರಗೆ ಎಳೆದೆವು. ಮುಖಕ್ಕೆ ಗ್ರೀಸ್, ಕೂದಲಿಗೆ ಹುಲ್ಲು, ಮೈಯೆಲ್ಲ ಇಂಗಿನ ವಾಸನೆ. ಎಷ್ಟೋ ವರ್ಷಗಳಿಂದ ಅವಳು ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ಅವಳು ಕಾರಿನ ಯಜಮಾನರನ್ನು ಚಾದರದ ಹತ್ತಿರ ಕರೆತಂದು, ಇದೆಲ್ಲ ನಿಮಗೇ ಎಂದಳು. ಅವರು ಬೆಚ್ಚಿದರು. ಅಷ್ಟು ರೊಕ್ಕ ತಮ್ಮ ಹತ್ತಿರ ಇಲ್ಲ ಎಂದರು.

"ಇದು ಬದಲಾಯಿಸುವ ಸಂತೆ ಅಂತೆ," ಎಂದಳು ಚಿಕ್ಕಮ್ಮ. "ಬದಲಿಗೆ ಎಂತ ಕೊಡ್ತೀರಿ?"

ಅವರು ಒಮ್ಮೆ ಸಾಮಾನನ್ನು, ಒಮ್ಮೆ ತಮ್ಮ ಕಾರನ್ನು ನೋಡಿದರು. "ಮನೀತನಕ ಬಿಟ್ಟು ಬರ್ತೀನ್ರಿ, ಅಕ್ಕಾರ."

"ಸಾಕು," ಎಂದಳು.

ತಮ್ಮ ಕಡೆ ಇನ್ನೂ ನಾಲ್ಕೈದು ಮಂದಿ ಪದ್ಮಿನಿ ಇಟ್ಟುಕೊಂಡಿದ್ದಾರೆ, ಎಲ್ಲರಿಗೂ ಆಗುತ್ತದೆ ಎಂದು ಅವರು ಹೇಳಿದಾಗ ಚಿಕ್ಕಮ್ಮ ಆಗಲಿ ಎಂದು ತಲೆಯಾಡಿಸಿದಳು. ಇಡಲು ಚಾಳಿನ ಹಿಂದೆ ಒಂದು ಖೋಲಿಯೂ ಇದೆಯಂತೆ. ಅದಕ್ಕೆ ಅಟ್ಟ ಇದೆಯೇ ಎಂದು ನಾನು ಕೇಳಿದೆ. ಇಲ್ಲ ಎಂದರು. ನಾನು ಮನಸಾರೆ ದೇವರಿಗೆ ಕೈಮುಗಿದೆ. ಟೆಂಪೋ ಮುಲುಂಡಿನ ಬದಲು ಆಂಟಾಪ್ ಹಿಲ್‌ಗೆ ಹೊರಟಿತು, ವಿಳಾಸ ಹಿಡಿದು ಗಂಡ ಅದರಲ್ಲಿ ಹೋದರು.

ನಾವು ಹೊರಡುವಾಗ ಕಾರಿನ ಯಜಮಾನರು ಚಿಕ್ಕಮ್ಮನ ಮುಂದೆ ಕೀಲಿ ಹಿಡಿದು, ನೀವೇ ಓಡಿಸಿ ಎಂದರು. ಅವಳು ಕೀಲಿಯನ್ನು ನೋಡಿದಳು. ಆದರೆ ಅವಳು ಬೇಡ ಎಂದು ತಲೆಯಾಡಿಸಿ, ಹಿಂದಿನ ಬಾಗಿಲು ತೆಗೆದು ಹತ್ತಿ, ಆಕಡೆ ಸರಿದು ನನಗೆ ಜಾಗ ಬಿಟ್ಟಳು.

ಆಗ ನನಗೆ ಹೊಳೆಯಿತು. ನಮ್ಮ ಅಮ್ಮನನ್ನು ಆಸ್ಪತ್ರೆಗೆ, ನನ್ನನ್ನು ಪರೀಕ್ಷೆಗೆ, ಊರಿಂದ ಬಂದವರನ್ನೆಲ್ಲ ಸ್ಟೇಷನ್ನಿಗೆ ಕರೆದೊಯ್ದವಳು ಇವಳು. ಇವಳನ್ನು ಕೂರಿಸಿಕೊಂಡು ಯಾರೂ ಎಲ್ಲಿಗೂ ಹೋಗಿರಲಿಲ್ಲ. ನಾವು ಹಿಂದೆ ಕೂತು ಹರಟೆ ಹೊಡೆಯುವಾಗ ಅವಳು ಮಾತೇ ಆಡುತ್ತಿರಲಿಲ್ಲ. ಎಂಜಿನ್ನಿನ ಒಂದೊಂದು ಸದ್ದಿಗೂ ಕಿವಿ ಕೊಟ್ಟು, ದಾರಿಯಲ್ಲಿ ನಮ್ಮ ಕೈಬಿಟ್ಟೀತೋ ಎಂದು ಹೆದರುತ್ತಾ ಓಡಿಸುತ್ತಿದ್ದಳು ಅಂತ ಕಾಣುತ್ತದೆ. ನಮಗೆ ಅದು ತಿಳಿಯಲೇ ಇಲ್ಲ.

"ಹಿಂದಿನ ಸೀಟು ಇಷ್ಟು ಚಂದ ಇರ್ತದಾ!" ಎಂದಳು, ಸ್ಪ್ರಿಂಗ್ ಒತ್ತಿ ನೋಡುತ್ತಾ.

ಸಾಯನ್ ದಾಟಿದ ಮೇಲೆ ಕಾರಿನಲ್ಲಿ ಎಲ್ಲೋ ಏನೋ ಕಟಕಟ ಎನ್ನತೊಡಗಿತು. ನಾನು ಹೆದರಿ, ಚಿಕ್ಕಮ್ಮಾ, ಎಂತದೋ ಸದ್ದು ಎಂದೆ. ಅವಳು ಕಣ್ಣು ಮುಚ್ಚಿದ್ದಳು.

"ಅವರು ನೋಡ್ಕೊಳ್ತಾರೆ," ಎಂದಳು. ಸ್ವಲ್ಪ ಹೊತ್ತಿನಲ್ಲಿ ಅವಳ ತಲೆ ನನ್ನ ಹೆಗಲಿಗೆ ಬಂತು.

ಅವರು ಕನ್ನಡಿಯಲ್ಲಿ ನೋಡಿ, ಮಲಗಿದರೇ ಎಂದು ಮೆಲ್ಲಗೆ ಕೇಳಿದರು. ನಾನು ಹೂಂ ಎಂದೆ. ಅವರು ವೇಗ ಇಳಿಸಿ, ಒಂದಿಷ್ಟೂ ಸದ್ದಾಗದಂತೆ ಗೇರು ಬದಲಿಸಿದರು.